ಬೋಧನೋಪಕರಣ ಈರಪ್ಪ

ಸಂಶಿಯ ಕಾಲೇಜಿನ ಮನಃಶಾಸ್ತ್ರ ವಿಭಾಗದಲ್ಲಿ ಒಂದೂ ಮನಸ್ಸು ಇಲ್ಲವೆಂಬ ಸಂಗತಿ ತಪಾಸಣೆಗೆ ಬಂದವರ ಗಮನಕ್ಕೆ ಬಂದಿತು. ವರದಿಯಲ್ಲಿ ಹಾಗೇ ಬರೆದರು. ಭೌತಶಾಸ್ತ್ರಕ್ಕೆ ತಕ್ಕಡಿ ಇದೆ. ಪ್ರಾಣಿಶಾಸ್ತ್ರಕ್ಕೆ ಸೀಸೆಯಲ್ಲಿ ಕಪ್ಪೆ ಇದೆ. ಭೂಗೋಳಕ್ಕೆ ಒಂದು ಭೂಮಿ ಇದೆ, ಒಂದು ಕಡೆ ತಗ್ಗು ಬಿದ್ದಿದೆ, ಆದರೂ ತಿರುಗುತ್ತದೆ. ಮನಃಶಾಸ್ತ್ರಕ್ಕೆ ಒಂದು ಕಪಾಟು ಮಾತ್ರ ಇದೆ, ಅದರ ಕೀಲಿ ಕಳೆದಿದೆ. ಆದ್ದರಿಂದ ಸೃಜನಶೀಲ ಬೋಧನಾ ವಿಧಾನವೊಂದನ್ನು ಕೂಡಲೇ ಜಾರಿಗೆ ತರತಕ್ಕದ್ದು. ತಪ್ಪಿದಲ್ಲಿ ವಿಭಾಗವನ್ನು ಮುಚ್ಚತಕ್ಕದ್ದು.

ಕಾಲೇಜಿನ ಕಂಪೌಂಡಿಗೆ ಬಾಜು ಈರಪ್ಪನ ಹಿಟ್ಟಿನ ಗಿರಣಿ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಅವನಿಗೆ ಗೊತ್ತಿದ್ದದ್ದು ಒಂದೇ: ಹೇಂತಿ ಕಸ್ತೂರೆವ್ವ ಚಳಿಗಾಲದಲ್ಲಿ ತೀರಿಕೊಂಡಿದ್ದಳು, ಈಗ ಬಿಸಿಲು ಶುರುವಾಗಿತ್ತು.

ಸತ್ತವರ ಮನೆಗೆ ಮಾತಾಡಿಸಲಿಕ್ಕೆ ಹೋಗುವುದು ಈ ಕಡೆಯ ರೀತಿ. ಬಂದವರು ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂಡುತ್ತಾರೆ. ಹೊತ್ತು ಕಳೆದ ಮೇಲೆ ಒಬ್ಬರು, ಹೆಂಗಾತು ಅಂತ ಕೇಳುತ್ತಾರೆ. ಮನೆಯವರು ಮೊದಲಿಂದ ಹೇಳುತ್ತಾರೆ. ಆಮೇಲೆ ಬಂದವರು ಏಳುತ್ತಾರೆ. ಹೋಗಿ ಬರ್ತೀವಿ ಅನ್ನುವುದಿಲ್ಲ, ಅಂಥ ಕಾರಣಕ್ಕೆ ಆ ಮನೆಗೆ ಮತ್ತೆ ಬರುವುದು ಯಾರಿಗೂ ಬೇಡ. ಸುಮ್ಮನೆ ಚಪ್ಪಲಿ ಮೆಟ್ಟಿ ನಡೆಯುತ್ತಾರೆ.

ಈರಪ್ಪನಿಗೆ ಆ ದಿನಗಳು ಮನಸ್ಸಿಗೆ ಹಿಡಿಸಿದ್ದವು. ಹೇಳಬಾರದು, ಆದರೂ ನಿಜ. ಕಸ್ತೂರೆವ್ವ ಇದ್ದಾಗ ಅವನು ಮಾತಾಡಿದವನೇ ಅಲ್ಲ. ಹಿಟ್ಟು, ಉಪ್ಪು, ಕರೆಂಟು, ಇಷ್ಟರ ಮೇಲೆ ಸಂಸಾರ ಮಾಡಿದ್ದ. ಆಕೆ ಹೋದ ಮೇಲೆ ಮಾತು ತುಂಬಿ ಬಂತು. ಅಗದಿ ಹೊತ್ತು ಮೀರಿ ಶುರುಮಾಡುವ ಮನುಷ್ಯ. ತಿಂಗಳು ಕಳೆಯಿತು, ಮಾತಾಡಿಸುವವರು ನಿಂತರು. ಗಿರಣಿಗೆ ಬಂದವರು ಜೋಳದ ಬಗ್ಗೆ ಕೇಳಿದರು, ಗೋದಿಯ ಬಗ್ಗೆ ಕೇಳಿದರು. ಒಮ್ಮೊಮ್ಮೆ ಅವನೇ ಆಕೆಯ ಹೆಸರು ತೆಗೆಯುತ್ತಿದ್ದ. ಗಿರಣಿಯ ಸಪ್ಪಳದಲ್ಲಿ ಅದೂ ಹಿಟ್ಟಾಗಿ ಹೋಗುತ್ತಿತ್ತು.

ಇತ್ತ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವಳು ಶಾಂಭವಿ ಮೇಡಂ. ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಮೇಲೆ ಬಸ್ಸು ಬದಲಿಸಿ ಬರುವ ಅತಿಥಿ ಉಪನ್ಯಾಸಕಿ. ಏಳು ವರ್ಷದಿಂದ ಅತಿಥಿ. ವಿಭಾಗ ಮುಚ್ಚಿದರೆ ಅತಿಥಿ ಮನೆಗೆ ಹೋಗಬೇಕು. ಆಕೆ ಯೋಚನೆ ಮಾಡಿ ಪ್ರಿನ್ಸಿಪಾಲರಿಗೆ ಒಂದು ಸಲಹೆ ಕೊಟ್ಟಳು. ಪಠ್ಯದಲ್ಲಿ ದುಃಖದ ಐದು ಹಂತಗಳೆಂಬ ಪಾಠವಿದೆ: ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಸ್ವೀಕಾರ. ಪುಸ್ತಕ ಓದಿಸುವುದಕ್ಕಿಂತ, ದುಃಖದಲ್ಲಿದ್ದ ಒಬ್ಬರನ್ನು ಕರೆಸಿ ಒಂದು ದಿನ ಮಾತಾಡಿಸಿದರೆ ಮಕ್ಕಳಿಗೆ ತಿಳಿದೀತು.

ಪ್ರಿನ್ಸಿಪಾಲ ಸಂಗನಬಸವ ಅವರು ನಿಯಮದ ಮನುಷ್ಯ. ಸಲಹೆಯನ್ನು ಒಪ್ಪಿದರು. ಆದರೆ ಕಾಲೇಜಿಗೆ ಹೊರಗಿನಿಂದ ಏನು ತಂದರೂ ಮೂರು ಕೊಟೇಶನ್ ಬೇಕು ಅಂದರು. ಮರುದಿನ ಗೇಟಿಗೆ ಕಾಗದ ಹಚ್ಚಲಾಯಿತು.

"ಪ್ರಕಟಣೆ. ಮನಃಶಾಸ್ತ್ರ ವಿಭಾಗದ ಪ್ರಾಯೋಗಿಕ ತರಗತಿಗಾಗಿ ದುಃಖಿತ ವ್ಯಕ್ತಿ, ಸಂಖ್ಯೆ ಒಂದು, ಬೇಕಾಗಿದೆ. ದುಃಖವು ಅಸಲಿಯಾಗಿರಬೇಕು. ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಬೇರೆ ಸಂಸ್ಥೆಯಲ್ಲಿ ಬಳಸಿರಬಾರದು. ಸಾಗಾಣಿಕೆಯು ದುಃಖಿತರದೇ ಜವಾಬ್ದಾರಿ. ಯಾವುದೇ ದುಃಖವನ್ನು ಕಾರಣ ನೀಡದೆ ತಿರಸ್ಕರಿಸುವ ಹಕ್ಕನ್ನು ಕಾಯ್ದಿರಿಸಲಾಗಿದೆ."

ಈರಪ್ಪನಿಗೆ ಇದನ್ನು ಓದಿ ಹೇಳಿದವಳು ತಬಸುಮ್. ಬಾಜು ಮನೆಯ ಅಜೀಜಾಬಿಯ ಮೊಮ್ಮಗಳು, ಮನಃಶಾಸ್ತ್ರದ ವಿದ್ಯಾರ್ಥಿನಿ. ಹಿಟ್ಟಿನ ಡಬ್ಬಿ ಹಿಡಿದು ನಿಂತವಳು, ಗಿರಣಿ ನಿಂತಾಗ ಹೇಳಿದಳು.

"ಕಾಕಾ, ನೀವ್ ಅರ್ಜಿ ಹಾಕ್ರಿ. ಮಂಗಳವಾರ ಒಂದ್ ತಾಸು ಕೂತು ಕಾಕೂನ ಬಗ್ಗೆ ಮಾತಾಡೂದು, ಅಷ್ಟ."

ಈರಪ್ಪ ಬೆಲ್ಟು ಒರೆಸಿದ. ಮತ್ತೆ ಒರೆಸಿದ.

"ಎಷ್ಟ್ ಮಂದಿ ಕೇಳ್ತಾರ?"

"ಹತ್ತೊಂಬತ್ತು."

"ಬಾಳ ಆತಲ್ಲ," ಅಂದ. ಸಂಜೆಯೊಳಗೆ ಅರ್ಜಿ ಹಾಕಿದ.

ಮೂರು ಅರ್ಜಿ ಬಂದವು. ಮೊದಲನೆಯವರು ಆಡಳಿತ ಮಂಡಳಿಯ ಒಬ್ಬರ ಬೀಗರು, ಅತ್ತೆ ತೀರಿದ್ದಳು. ಸಂದರ್ಶನದಲ್ಲಿ ಅವರು ಎರಡು ಸಲ ನಕ್ಕದ್ದರಿಂದ ಕೈಬಿಡಲಾಯಿತು. ಎರಡನೆಯವನು ಬುಡನಸಾಬ, ಎಮ್ಮೆ ಸತ್ತಿತ್ತು. ಅವನ ದುಃಖ ನೋಡಿ ಕಾರಕೂನನೇ ಅತ್ತ. ಆದರೆ ಪಠ್ಯಕ್ರಮದಲ್ಲಿ ಎಮ್ಮೆ ಇರಲಿಲ್ಲ. ಗುಣಮಟ್ಟ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ಷರಾ ಬರೆದು ವಾಪಸು ಮಾಡಿದರು. ಮೂರನೆಯವನು ಈರಪ್ಪ, ಒಂದು ಚಹಾ ಮಾತ್ರ ಕೇಳಿದ್ದ. ಕಡಿಮೆ ದರದ ದುಃಖವೆಂದು ಅವನನ್ನು ಆರಿಸಲಾಯಿತು.

ಅವನು ಅದನ್ನು ಅಭಿಮಾನದ ಸಂಗತಿ ಅಂದುಕೊಂಡ. ಮಂಗಳವಾರ ಗಿರಣಿಗೆ ರಜೆ ಅಂತ ಬೋರ್ಡು ಹಾಕಿದ. ಕ್ಷೌರ ಮಾಡಿಸಿ, ದಾಡಿ ತೆಗೆಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಪ್ರಿನ್ಸಿಪಾಲರು ಅವನನ್ನು ಸುತ್ತು ಹಾಕಿ ನೋಡಿ, ದುಃಖ ಎದ್ದು ಕಾಣುತ್ತಿಲ್ಲ ಅಂದರು. ದಾಡಿ ಬೆಳೆಯಲಿಕ್ಕೆ ತರಗತಿಯನ್ನು ಎರಡು ವಾರ ಮುಂದೂಡಲಾಯಿತು.

ಅಷ್ಟರಲ್ಲಿ ಕಾರಕೂನನಿಗೆ ಒಂದು ಸಂಶಯ ಬಂತು. ಕಾಲೇಜಿನ ಕುರ್ಚಿ, ಟೇಬಲ್ಲು, ಕಪ್ಪೆ, ಎಲ್ಲಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದೆ. ಈರಪ್ಪನ ಮೇಲೆ ಎಲ್ಲಿ ಬರೆಯಬೇಕು? ಸಭೆ ಸೇರಿ ಟವೆಲ್ಲಿನ ಮೇಲೆ ಅಂತ ಠರಾವು ಮಾಡಿದರು. ಈರಪ್ಪ ಟವೆಲ್ಲು ಬಿಚ್ಚಿ ಕೊಟ್ಟ. ಒಗೆದರೂ ಹೋಗದ ಬಣ್ಣ ಅಂತ ಹೇಳಿದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು.

ಮೊದಲ ತರಗತಿಯ ದಿನ ಒಂದು ಸಣ್ಣ ತಪ್ಪಾಯಿತು. ಕಡೆಗೆ ಎಲ್ಲ ನಡೆದದ್ದು ಅದರ ಮೇಲೇ.

ಮಕ್ಕಳು ಮನೆಯಲ್ಲಿ, ನಾಳೆ ನಮ್ಮನ್ನ ಈರಪ್ಪನ್ನ ಮಾತಾಡಸಾಕ ಕರ್ಕೊಂಡ ಹೊಂಟಾರ ಅಂದಿದ್ದರು. ಮನೆಯವರು ಅದನ್ನು ಪಾಠ ಅಂತ ತಿಳಿಯಲಿಲ್ಲ. ರೀತಿ ಹೇಳಿ ಕಳಿಸಿದರು. ಹತ್ತೊಂಬತ್ತು ಮಂದಿ ವರ್ಗದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆಂಚು ಇದ್ದರೂ ನೆಲದ ಮೇಲೆ ಕೂತರು. ಹುಡುಗಿಯರು ತಲೆಯ ಮೇಲೆ ಓಢಣಿ ಎಳೆದುಕೊಂಡರು. ಯಾರೂ ಪುಸ್ತಕ ತೆಗೆಯಲಿಲ್ಲ, ಮೊಬೈಲೂ ತೆಗೆಯಲಿಲ್ಲ. ಈರಪ್ಪ ಅವರನ್ನು ನೋಡಿದ, ಕುರ್ಚಿ ಬಿಟ್ಟು ಇಳಿದು ತಾನೂ ನೆಲಕ್ಕೆ ಕೂತ. ಶಾಂಭವಿ ಮೇಡಂ ಬೋರ್ಡಿಗೆ ಬರೆಯುವ ಖಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಹೊತ್ತು ಕಳೆದ ಮೇಲೆ ತಬಸುಮ್ ಕೇಳಿದಳು.

"ಹೆಂಗಾತ್ರಿ ಕಾಕಾ?"

ಈರಪ್ಪ ಮೊದಲಿಂದ ಹೇಳಿದ. ಕೆಮ್ಮಿನಿಂದ ಶುರುಮಾಡಿದ. ಆಸ್ಪತ್ರೆ, ಆಂಬ್ಯುಲೆನ್ಸು, ದಾರಿಯಲ್ಲಿ ಆಕೆ ಗಿರಣಿ ಬಂದ್ ಮಾಡಿ ಬಂದಿರೇನು ಅಂತ ಕೇಳಿದ್ದು, ತಾನು ಹೂಂ ಅಂದದ್ದು, ಬಂದ್ ಮಾಡಿರಲಿಲ್ಲ, ಸುಳ್ಳು ಹೇಳಿದ್ದು, ಆಕೆಗೆ ಅದು ಗೊತ್ತಾದದ್ದು. ಗಂಟೆ ಬಾರಿಸಿತು. ಮಕ್ಕಳು ಎದ್ದರು. ಥ್ಯಾಂಕ್ಯೂ ಅನ್ನಲಿಲ್ಲ. ಬರ್ತೀವಿ ಅನ್ನಲಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ನಡೆದರು.

ಪ್ರಿನ್ಸಿಪಾಲರು ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದರು. ಒಂದು ತಾಸು ವರ್ಗದಿಂದ ಮಕ್ಕಳ ಗದ್ದಲ ಬಂದಿರಲಿಲ್ಲ. ಒಬ್ಬನೂ ನಡುವೆ ಎದ್ದು ಹೋಗಿರಲಿಲ್ಲ. ಕಾಲೇಜು ಶುರುವಾದಾಗಿನಿಂದ ಹೀಗೆ ಆಗಿರಲಿಲ್ಲ. ಅವರು ಒಳಗೆ ಹೋಗಿ ವರದಿಯಲ್ಲಿ ಸೃಜನಶೀಲ ಅಂತ ಬರೆದರು. ಸೆಮಿಸ್ಟರು ಮುಗಿಯುವ ತನಕ ಪ್ರತಿ ಮಂಗಳವಾರ ಇದನ್ನೇ ನಡೆಸತಕ್ಕದ್ದು ಅಂದರು.

ಸುದ್ದಿ ಊರಿಗೆ ಹಬ್ಬಿತು. ಕಸ್ತೂರೆವ್ವ ತೀರಿದಾಗ ಸುಗ್ಗಿ ಅಂತ ಬರಲಾಗದವರು ಇದ್ದರು. ಜಗಳ ಅಂತ ಬಾರದವರಿದ್ದರು. ಅವರಿಗೆಲ್ಲ ಇದು ಅನುಕೂಲವಾಯಿತು. ಫ್ಯಾನು ಇದೆ, ವೇಳೆ ಗೊತ್ತಿದೆ, ಈರಪ್ಪ ಸಿಕ್ಕೇ ಸಿಗುತ್ತಾನೆ. ಮೂರನೇ ಮಂಗಳವಾರ ಆಕೆಯ ತವರಾದ ತಂಬೂರದಿಂದ ಒಂದು ಟೆಂಪೋ ತುಂಬ ಮಂದಿ ಬಂದು ವರ್ಗದಲ್ಲಿ ಕೂತರು. ಪ್ರಿನ್ಸಿಪಾಲರು ಎಲ್ಲರ ಹಾಜರಿ ಹಾಕಿಸಿದರು. ವಿಭಾಗದ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕು ಪಟ್ಟು ಆಯಿತು. ತಂಬೂರದವರು ಅಂತರತಾಲೂಕು ವಿದ್ಯಾರ್ಥಿಗಳೆಂದು ದಾಖಲಾದರು. ಕಸ್ತೂರೆವ್ವನ ಹಿರಿಯಕ್ಕ ರಾಮವ್ವನಿಗೆ ಗುರುತಿನ ಚೀಟಿ ಕೊಟ್ಟರು. ಆಕೆ ಅದನ್ನು ಎಲೆ ಅಡಿಕೆ ಚೀಲಕ್ಕೆ ಕಟ್ಟಿಕೊಂಡಳು.

ಆದರೆ ಪಾಠ ಅಂದ ಮೇಲೆ ಮುಂದೆ ಹೋಗಬೇಕು. ಸೆಮಿಸ್ಟರು ಅರ್ಧ ಕಳೆದಿದ್ದರಿಂದ ನಿರಾಕರಣೆ ಮುಗಿದಿದೆಯೆಂದು ಭಾವಿಸಿ, ಈರಪ್ಪನನ್ನು ನೇರ ಎರಡನೇ ಹಂತಕ್ಕೆ ಏರಿಸಲಾಯಿತು. ಸುತ್ತೋಲೆ ಹೊರಟಿತು.

"ಬೋಧನೋಪಕರಣ ಈರಪ್ಪ ಇವರು ಪ್ರಸ್ತುತ ಸಿಟ್ಟಿನ ಹಂತದಲ್ಲಿದ್ದಾರೆ. ಯಾರೂ ಅವರಿಗೆ ಸಮಾಧಾನ ಹೇಳತಕ್ಕದ್ದಲ್ಲ. ಹೇಳಿದವರ ಆಂತರಿಕ ಅಂಕಗಳನ್ನು ಕಡಿಮೆ ಮಾಡಲಾಗುವುದು."

ಈರಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಬಹಳ ಪ್ರಯತ್ನಪಟ್ಟ. ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿ ನೋಡಿದ, ನಿದ್ದೆ ಬಂದವರ ಹಾಗೆ ಕಂಡ. ಪ್ರಿನ್ಸಿಪಾಲರು ಚಹಾ ನಿಲ್ಲಿಸಿದರು. ಇರಲಿ ಬಿಡ್ರಿ ಅಂದ. ಕೊನೆಗೆ ಕಾರಕೂನನನ್ನು ತಯಾರು ಮಾಡಿ ಕಳಿಸಿದರು. ಅವನು ವರ್ಗದ ನಡುವೆ ಎದ್ದು ನಿಂತ. ನಿಮ್ಮ ಹೇಂತಿ ಕೈ ಅಡಗಿಯೊಳಗ ಉಪ್ಪ ಜಾಸ್ತಿ ಇರ್ತಿತ್ತಂತ, ಹೌದೇನು ಅಂತ ಕೇಳಿದ.

"ಹೌದ್ರಿ," ಅಂದ ಈರಪ್ಪ. "ಅಗದಿ ಜಾಸ್ತಿ."

ಆಮೇಲೆ ತಾಸು ಮುಗಿಯುವ ತನಕ ಉಪ್ಪಿನ ಬಗ್ಗೆಯೇ ಹೇಳಿದ. ಒಮ್ಮೆ ಜಾಸ್ತಿ ಅಂದಿದ್ದಕ್ಕೆ ಆಕೆ ಮೂರು ದಿನ ಉಪ್ಪಿಲ್ಲದ ಸಾರು ಇಟ್ಟಿದ್ದಳಂತೆ. ತಾನೂ ಹಟ ಹಿಡಿದು, ರುಚಿ ಆಗೇದ ಅಂತ ಉಂಡಿದ್ದನಂತೆ. ರಾಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಾರಕೂನ ಕೂತುಬಿಟ್ಟ.

ಸಿಟ್ಟು ಬಂದದ್ದು ಮರುವಾರ, ಯಾರೂ ಕರೆಯದೆ. ಶಿಪಾಯಿ ಬಸ್ಸಿಗೆ ಹೋಗಬೇಕೆಂದು ಹತ್ತು ನಿಮಿಷ ಮೊದಲೇ ಗಂಟೆ ಬಾರಿಸಿದ. ಈರಪ್ಪ ಎದ್ದು ನಿಂತು, ಇನ್ನಾ ಮುಗಿದಿಲ್ಲ, ಯಾರಲೇ ಬಾರ್ಸಿದಾಂವ ಅಂತ ಒದರಿದ. ಶಾಂಭವಿ ಮೇಡಂ ಸಮಾಧಾನದ ಉಸಿರು ಬಿಟ್ಟಳು. ಮಕ್ಕಳು ಬರೆದುಕೊಂಡರು.

ಚೌಕಾಶಿಯೂ ಸುಲಭವಾಗಲಿಲ್ಲ. ಗಿರಣಿಯಲ್ಲಿ ಚೌಕಾಶಿ ಇಲ್ಲ ಅಂತ ಬೋರ್ಡು ಹಾಕಿದ ಮನುಷ್ಯ. ದೇವರ ಕೂಡ ಮಾಡಬೇಕು, ಹೋದವರನ್ನ ಹೊಳ್ಳಿ ಕೇಳಬೇಕು ಅಂತ ಮೇಡಂ ತಿಳಿಸಿ ಹೇಳಿದಳು. ಈರಪ್ಪ ಕಣ್ಣು ಮುಚ್ಚಿ, ಒಂದು ಸಂಜೆಗೆ ಕಳಿಸಿದರೆ ಗಿರಣಿ ಬಿಟ್ಟುಕೊಡುತ್ತೇನೆ ಅಂದ. ಗಿರಣಿ ಹಳೇದು, ದೇವರು ಒಪ್ಪಲಿಕ್ಕಿಲ್ಲ ಅಂತ ತಂಬೂರದವರು ಅಭಿಪ್ರಾಯಪಟ್ಟರು. ಹೊಸ ಮೋಟರು ಕೂಡಿಸಿ ಕೊಡು ಅಂದರು. ಈರಪ್ಪ ಅದಕ್ಕೂ ಒಪ್ಪಿದ. ಉತ್ತರ ಬರಲಿಲ್ಲ. ಹಂತ ಪೂರ್ಣವಾಯಿತೆಂದು ದಾಖಲಾಯಿತು.

ಖಿನ್ನತೆಯ ಹಂತ ಬಂದಾಗ ಈರಪ್ಪ ಹಿಂದೆಂದೂ ಇರದಷ್ಟು ಆರಾಮವಾಗಿದ್ದ. ಮಂಗಳವಾರಕ್ಕೆ ಅಂತ ವಾರವೆಲ್ಲ ನೆನಪು ಮಾಡಿಕೊಳ್ಳುತ್ತಿದ್ದ. ಜೋಳ ಹಾಕುತ್ತ, ಇದನ್ನ ಹೇಳಬೇಕು, ಅದನ್ನ ಹೇಳಬೇಕು ಅಂತ ಒಬ್ಬನೇ ನಗುತ್ತಿದ್ದ. ಅವನಿಗೆ ಮೆಮೊ ಬಂತು.

"ತಾವು ಖಿನ್ನತೆಯ ಹಂತದಲ್ಲಿರುವಾಗ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದುದು ಕಂಡುಬಂದಿದೆ. ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು."

ತಬಸುಮ್ ಬರೆದುಕೊಟ್ಟ ಉತ್ತರಕ್ಕೆ ಈರಪ್ಪ ಸಹಿ ಮಾಡಿದ. ತಿನ್ನುವಾಗಲೂ ಖಿನ್ನನಾಗಿಯೇ ಇದ್ದೆ, ಮಿರ್ಚಿಯೇ ಸಾಕ್ಷಿ, ಎಂದಿತ್ತು. ಕಚೇರಿ ಒಪ್ಪಿಕೊಂಡಿತು. ಸಹಿ ಮಾಡಿ ಪೆನ್ನು ವಾಪಸು ಕೊಡುತ್ತ ಈರಪ್ಪ, ಮುಂದಿನದು ಯಾವುದು ಅಂತ ಕೇಳಿದ.

"ಸ್ವೀಕಾರ, ಕಾಕಾ. ಕಾಕು ಹೋದ್ಲು ಅಂತ ನೀವ್ ಒಪ್ಪಿಕೊಳ್ಳೂದು."

"ಆಮ್ಯಾಲೆ?"

"ಆಮ್ಯಾಲೆ ಏನಿಲ್ರಿ. ಪರೀಕ್ಷಾ. ಪಾಠ ಮುಗೀತು."

"ಮಂಗಳವಾರ?"

ತಬಸುಮ್ ಮೆಮೊ ಮಡಚಿದಳು. ಮಂಗಳವಾರ ಗಿರಣಿ ತಗೀಬಹುದಲ್ರಿ ಅಂದಳು.

ಈರಪ್ಪ ಆವತ್ತು ಊಟ ಮಾಡಲಿಲ್ಲ. ಮರುದಿನವೂ ಸರಿಯಾಗಿ ಮಾಡಲಿಲ್ಲ. ಗೋದಿ ಹಾಕಬೇಕಾದಲ್ಲಿ ಮೆಣಸಿನಕಾಯಿ ಹಾಕಿ ಊರವರ ಬೈಗುಳ ತಿಂದ. ವರ್ಗಕ್ಕೆ ಬಂದು ತಲೆ ತಗ್ಗಿಸಿ ಕೂತ. ಹೀಗೆ ನಾಲ್ಕನೇ ಹಂತವು ನಿಗದಿತ ವೇಳೆಯಲ್ಲಿ, ಕಚೇರಿಗೆ ಪೂರ್ಣ ಸಮಾಧಾನವಾಗುವಂತೆ ನೆರವೇರಿತು.

ಪರೀಕ್ಷೆಗೆ ವಾರವಿದ್ದಾಗ ಶಾಂಭವಿ ಮೇಡಂ ಗಿರಣಿಗೆ ಬಂದಳು. ಹಿಟ್ಟಿನ ಧೂಳಿನಲ್ಲಿ ಒಂದು ಬದಿಗೆ ನಿಂತಳು. ಈರಪ್ಪ ಗಿರಣಿ ನಿಲ್ಲಿಸಿದ.

"ಕಾಕಾರ, ಹೊರಗಿನಿಂದ ಪರೀಕ್ಷಕರು ಬರ್ತಾರ್ರಿ. ನೀವು ಒಪ್ಪೇನಿ ಅಂದ್ರ ಪ್ರಯೋಗ ಯಶಸ್ವಿ ಅಂತ ಬರೀತಾರ. ಇಲ್ಲಂದ್ರ ನನ್ನ ಕೆಲಸ ಹೋಗ್ತೈತ್ರಿ."

"ಎಷ್ಟ್ ವರ್ಷ ಆತ್ರಿ ಅಕ್ಕಾರ ನೀವ್ ಬರಾಕತ್ತು?"

"ಏಳು."

ಈರಪ್ಪ ಗಿರಣಿಯ ಮೇಲೆ ಕೂತ ಹಿಟ್ಟನ್ನು ಕೈಯಿಂದ ಸವರಿ ತೆಗೆದ. ಅಂತೀನ್ರಿ, ಅಂದ. ಮೇಡಂ ಹೋದ ಮೇಲೆ ಗಿರಣಿ ಹಚ್ಚಿ ರೂಢಿ ಮಾಡಿದ. ಒಪ್ಪೇನಿ, ಒಪ್ಪೇನಿ. ಸಪ್ಪಳದಲ್ಲಿ ತನಗೇ ಕೇಳಿಸಲಿಲ್ಲ, ಹೀಗಾಗಿ ಸುಲಭವಾಗಿತ್ತು.

ಪರೀಕ್ಷಕರು ದೂರದಿಂದ ಬಂದವರು, ವಯಸ್ಸಾದವರು, ಕೋಟು ಹಾಕಿದ್ದರು. ವರ್ಗ ತುಂಬಿತ್ತು. ತಂಬೂರದ ಟೆಂಪೋ ಹೊರಗೆ ನಿಂತಿತ್ತು. ಪ್ರಿನ್ಸಿಪಾಲರು ಈರಪ್ಪನ ಟವೆಲ್ಲು ಸರಿಮಾಡಿ ನಂಬರು ಕಾಣುವ ಹಾಗೆ ಹೊದಿಸಿದರು.

"ತಮ್ಮ ಪತ್ನಿ ತೀರಿಕೊಂಡಿದ್ದನ್ನು ತಾವು ಸ್ವೀಕರಿಸಿದ್ದೀರಾ?" ಪರೀಕ್ಷಕರು ಕೇಳಿದರು.

ಈರಪ್ಪ ಮೇಡಂ ಕಡೆ ನೋಡಿದ. ಆಕೆ ನೆಲ ನೋಡುತ್ತಿದ್ದಳು.

"ಒಪ್ಪೇನ್ರಿ."

ಪರೀಕ್ಷಕರು ಬರೆಯತೊಡಗಿದರು. ಈರಪ್ಪ ಸುಮ್ಮನಿದ್ದರೆ ಮುಗಿದಿತ್ತು. ಆದರೆ ಮೂವತ್ತು ವರ್ಷ ಸುಮ್ಮನಿದ್ದವನಿಗೆ ಈಗ ಸುಮ್ಮನಿರುವುದು ಮರೆತುಹೋಗಿತ್ತು.

"ಸೋಮವಾರ ಒಪ್ಪತೇನ್ರಿ. ಬುಧವಾರ, ಗುರುವಾರನೂ ಒಪ್ಪತೇನಿ, ಗಿರಣಿ ಇರ್ತೈತಲ್ರಿ. ಮಂಗಳವಾರ ಅಷ್ಟ ಆಗೂದಿಲ್ರಿ."

ಪೆನ್ನು ನಿಂತಿತು.

"ಇವತ್ತು ಯಾವ ವಾರ?"

"ಮಂಗಳವಾರ್ರಿ."

ಪರೀಕ್ಷಕರು ನಿಯಮದ ಪುಸ್ತಕ ತೆಗೆದರು. ವಾರದ ಮೇಲೆ ದುಃಖವನ್ನು ಅಳೆಯುವ ನಿಯಮ ಅದರಲ್ಲಿ ಇರಲಿಲ್ಲ. ಮುಂದಿನ ಪುಟ ನೋಡಿದರು, ಅಲ್ಲಿ ಕಪ್ಪೆಯ ಬಗ್ಗೆ ಇತ್ತು. ಪುಸ್ತಕ ಮುಚ್ಚಿದರು. ಬೂಟು ಕಳಚಿದರು, ಕೋಟಿನ ಗುಂಡಿ ಬಿಚ್ಚಿದರು. ಎಲ್ಲರೂ ನೆಲದ ಮೇಲೆ ಕೂತಿದ್ದರಿಂದ ಅವರೂ ಕುರ್ಚಿ ಬಿಟ್ಟು ಇಳಿದು ಕೂತರು.

"ಏನಾಗಿತ್ತು ಅವರಿಗೆ?" ಅಂತ ಕೇಳಿದರು.

ಈರಪ್ಪ ಕೆಮ್ಮಿನಿಂದ ಶುರುಮಾಡಿದ. ಎಲ್ಲರಿಗೂ ಬಾಯಿಪಾಠವಾಗಿತ್ತು. ಅವನು ಬಿಟ್ಟದ್ದನ್ನು ಹಿಂದಿನ ಸಾಲಿನವರು ಕೂಡಿಸಿ ಹೇಳಿದರು. ತಾಸಿನ ಮೇಲೆ ತಾಸು ಹೋಯಿತು, ಶಿಪಾಯಿ ಗಂಟೆ ಮುಟ್ಟಲಿಲ್ಲ. ಕೊನೆಗೆ ಪರೀಕ್ಷಕರು ಎದ್ದರು. ಬರುತ್ತೇನೆ ಅನ್ನಲಿಲ್ಲ. ಬೂಟು ಹಾಕಿಕೊಂಡು ನಡೆದುಬಿಟ್ಟರು. ಅದು ರೀತಿಯೋ ಸಿಟ್ಟೋ ಪ್ರಿನ್ಸಿಪಾಲರಿಗೆ ತಿಳಿಯಲಿಲ್ಲ.

ಫಲಿತಾಂಶ ಬಂತು. ಹತ್ತೊಂಬತ್ತೂ ಮಂದಿ ಪ್ರಥಮ ದರ್ಜೆ. ರಾಮವ್ವ ದ್ವಿತೀಯ ದರ್ಜೆ. ಈರಪ್ಪ ಫೇಲು.

ನೋಟಿಸ್ ಬೋರ್ಡಿನ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. ನಾಲ್ಕನೇ ಇಯತ್ತೆಯಲ್ಲಿ ಫೇಲಾದಾಗ ಅಪ್ಪ ಹೊಡೆದಿದ್ದ. ಈಗ ಹೊಡೆಯುವವರು ಯಾರೂ ಇರಲಿಲ್ಲ. ಬದಲಿಗೆ ಪ್ರಿನ್ಸಿಪಾಲರು ಕರೆದು ಕೂಡಿಸಿ ಚಹಾ ಕೊಟ್ಟರು. ಮೇಲಿನಿಂದ ಕಾಗದ ಬಂದಿತ್ತು. ಉಪಕರಣವು ಉತ್ತೀರ್ಣವಾಗಿಲ್ಲದ ಕಾರಣ ಪ್ರಯೋಗ ಮುಗಿದಿಲ್ಲ. ಪ್ರಯೋಗ ಮುಗಿಯದ ಕಾರಣ ವಿಭಾಗವನ್ನು ಮುಚ್ಚುವಂತಿಲ್ಲ. ವಿಭಾಗ ಇರುವ ಕಾರಣ ಅತಿಥಿ ಉಪನ್ಯಾಸಕಿಯನ್ನು ಉಪಕರಣವು ಪಾಸಾಗುವವರೆಗೆ ಮುಂದುವರಿಸತಕ್ಕದ್ದು. ವಿದ್ಯಾರ್ಥಿಗಳ ಸಂಖ್ಯೆ ನೋಡಿ ಎರಡು ಫ್ಯಾನು ಹೆಚ್ಚಿಗೆ ಮಂಜೂರಾಗಿದ್ದವು.

"ಅವಸರ ಮಾಡಬ್ಯಾಡ್ರಿ ಈರಪ್ಪನವರ," ಅಂದರು ಪ್ರಿನ್ಸಿಪಾಲರು. "ದುಃಖ ಅಂದ್ರ ನಿಧಾನ ಆಗೂದ ಛಲೋ."

ಶಾಂಭವಿ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಹೌದ್ರಿ ಕಾಕಾರ, ಅಂದಳು. ಕಣ್ಣು ಒರೆಸಿಕೊಂಡಳು. ಅದು ಯಾವ ಹಂತ ಅಂತ ಯಾರೂ ಬರೆದುಕೊಳ್ಳಲಿಲ್ಲ.

ಕಾಗದದ ಕೊನೆಗೆ ಒಂದು ಷರತ್ತು ಇತ್ತು. ಕಾರಕೂನ ನಿಂತು ಓದಿದ.

"ಸದರಿ ಈರಪ್ಪ ಇವರನ್ನು ಕಳೆದ ಸಲ ಮೊದಲನೇ ಹಂತ ನಡೆಸದೆಯೇ ಮೇಲಕ್ಕೆ ಏರಿಸಿದ್ದು ಅಕ್ರಮವಾಗಿದೆ. ಆದ್ದರಿಂದ ಇವರು ಹೊಸ ಸೆಮಿಸ್ಟರಿನಲ್ಲಿ ನಿರಾಕರಣೆಯಿಂದಲೇ ಆರಂಭಿಸತಕ್ಕದ್ದು. ದಸರೆಯ ಸೂಟಿಯವರೆಗೆ ಇವರ ಪತ್ನಿ ಕಸ್ತೂರೆವ್ವ ತೀರಿಕೊಂಡಿರುವುದಿಲ್ಲ. ಗ್ರಾಮಸ್ಥರು ಸಹಕರಿಸತಕ್ಕದ್ದು."

ಗ್ರಾಮಸ್ಥರು ಸಹಕರಿಸಿದರು. ಆದೇಶದ ನಕಲು ನೋಡಿ ರೇಶನ್ ಅಂಗಡಿಯವನು ಆಕೆಯ ಪಾಲಿನ ಅಕ್ಕಿ ಅಳೆದು ಹಾಕಿದ. ದಸರೆ ತನಕ ಅಷ್ಟ ನೋಡ್ರಿ, ಆಮ್ಯಾಲೆ ಕೇಳಬ್ಯಾಡ್ರಿ ಅಂದ. ಗಿರಣಿಗೆ ಬಂದವರು ಡಬ್ಬಿ ಇಡುತ್ತ, ಮನ್ಯಾಗ ಆರಾಮ ಅದಾರೇನ್ರಿ ಅಂತ ವಿಚಾರಿಸಿದರು. ಅದಾಳ್ರಿ ಅಂದ ಈರಪ್ಪ. ಮೊದಲು ಸಣ್ಣ ದನಿಯಲ್ಲಿ ಅಂದ. ನಾಲ್ಕನೆಯವರಿಗೆ ಹೇಳುವಾಗ ದನಿ ಸರಿಹೋಗಿತ್ತು. ಬುಡನಸಾಬ ಮಾತ್ರ ಆದೇಶವನ್ನು ಎರಡು ಸಲ ಓದಿಸಿಕೊಂಡ. ಎಮ್ಮೆಗೆ ಇಂಥದ್ದು ಸಿಗುತ್ತದೇನು ಅಂತ ಕೇಳಿ, ಇಲ್ಲವೆಂದಾಗ ಸುಮ್ಮನೆ ಹೋದ.

ಸಂಜೆ ಈರಪ್ಪ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ. ಗೋಡೆಯ ಆಚೆ ಅಜೀಜಾಬಿ ರೊಟ್ಟಿ ಬಡಿಯುತ್ತಿದ್ದಳು. ಚಳಿಗಾಲದಿಂದ ಅವನ ಊಟದ ರೊಟ್ಟಿಯೂ ಅಲ್ಲಿಂದಲೇ ಬರುತ್ತಿತ್ತು. ಬಡಿಯುವುದು ನಿಂತಿತು.

"ಈರಣ್ಣಾ, ತಬಸುಮ್ ಹೇಳಿದ್ಲು. ದಸರೆ ತನಕ ಅಂತಲ್ಲ?"

"ಹೌದವ್ವಾ. ಮ್ಯಾಲಿಂದ ಆರ್ಡರ್ ಬಂದೈತಿ."

"ಹಂಗಾರ ಎಷ್ಟ್ ರೊಟ್ಟಿ ಕಳಸ್ಲಿ?"

ಈರಪ್ಪ ತಂಬಿಗೆ ಕೆಳಗಿಟ್ಟ. ಲೆಕ್ಕ ಹಾಕಿದ.

"ನನಗ ಎರಡು," ಅಂದ. "ಆಕಿಗೂ ಎರಡು. ಆಕಿ ಒಂದೂವರಿ ತಿಂದು, ಉಳದ ಅರ್ಧಾ ನನಗ ಹಾಕ್ತಿದ್ಲು."

ಅಜೀಜಾಬಿ ಆಯಿತು ಅಂದಳು. ಗೋಡೆಯ ಆಚೆ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.